ಮಟ್ಟಿಯಲ್ಲಿ ಮುರಿದ ಎಲುಬು, ಒನಕೆಯಲ್ಲಿ ಕೂಡಿದ ಕೀಲು

ಹುಬ್ಬಳ್ಳಿ–ಧಾರವಾಡದ ಹಳೆಯ ಓಣಿಗಳಲ್ಲಿ ಗರಡಿಮನೆಯನ್ನು ಗುರುತಿಸುವುದು ಕಷ್ಟವಲ್ಲ. ಬಗ್ಗಿ ಒಳಹೋಗಬೇಕಾದ ಬಾಗಿಲು, ಗೋಡೆಯ ಗೂಡಿನಲ್ಲಿ ಹನುಮಪ್ಪ, ನಡುವೆ ಎಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿ ಹದಮಾಡಿದ ಕೆಂಪು ಮಟ್ಟಿ. ಈ ಮಣ್ಣಿಗೆ ಬಿದ್ದರೆ ಪೆಟ್ಟಾಗುವುದಿಲ್ಲವೆಂದು ವಸ್ತಾದರು ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ಚರ್ಮ ಉಳಿಯುತ್ತದೆ, ಭುಜ, ಮಂಡಿ, ಕುತ್ತಿಗೆಗಳಿಗೆ ಮಣ್ಣಿನ ಹದ ಗೊತ್ತಾಗುವುದಿಲ್ಲ.

ಪೈಲ್ವಾನರ ಗಾಯಗಳಲ್ಲಿ ಕಣ್ಣಿಗೆ ಮೊದಲು ಬೀಳುವುದು ಮುದುಡಿದ ಕಿವಿ. ತಿಕ್ಕಾಟದಿಂದ ಕಿವಿಯ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ನಿಲ್ಲುತ್ತದೆ. ಬೇಗನೆ ತೆಗೆಯದಿದ್ದರೆ ಹೂಕೋಸಿನಂತೆ ಗಂಟುಗಟ್ಟುತ್ತದೆ. ರೋಮಿನಲ್ಲಿ 1885ರಲ್ಲಿ ಸಿಕ್ಕ ಪ್ರಾಚೀನ ಗ್ರೀಕ್ ಮುಷ್ಟಿಮಲ್ಲನ ಕಂಚಿನ ವಿಗ್ರಹಕ್ಕೂ ಇಂಥದೇ ಕಿವಿ. ನಮ್ಮ ಪೈಲ್ವಾನರಿಗೆ ಇದು ಗಾಯಕ್ಕಿಂತ ಹೆಚ್ಚಾಗಿ ಬಿರುದು!

ಭುಜದ ಕೀಲು ತಪ್ಪುವುದು ಬೇರೆಯೇ ಮಾತು. ಎದುರಾಳಿ ಎತ್ತಿ ಎಸೆದಾಗ ಕೈ ಊರಿ ಬಿದ್ದವನ ತೋಳಿನ ಎಲುಬು ಗುಳಿಯಿಂದ ಜಾರುತ್ತದೆ. ಇದಕ್ಕೆ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ಹೇಳುವ ಉಪಾಯ ಓದಿದರೆ ಅಡುಗೆಮನೆ ನೆನಪಾಗುತ್ತದೆ. ಕಂಕುಳಿಗೆ ಒನಕೆ ಕೊಟ್ಟು ಮೇಲಕ್ಕೆತ್ತಬೇಕು, ಕೀಲು ಸ್ಥಾನಕ್ಕೆ ಬಂದ ಮೇಲೆ ಸ್ವಸ್ತಿಕದ ಆಕಾರದಲ್ಲಿ ಬಟ್ಟೆ ಕಟ್ಟಬೇಕು. ಸೋಜಿಗವೆಂದರೆ ಗ್ರೀಸಿನ ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥವೂ ಭುಜ ಕೂಡಿಸಲು ಒನಕೆಯನ್ನು ಹೇಳುತ್ತದೆ. ಯಾರು ಯಾರಿಂದ ಕಲಿತರೆಂದು ಜಗಳಾಡಬೇಕಾಗಿಲ್ಲ. ಮನುಷ್ಯನ ಕಂಕುಳು ಎಲ್ಲ ಕಡೆ ಒಂದೇ, ಒನಕೆಯೂ ಎಲ್ಲ ಮನೆಯಲ್ಲಿತ್ತು.

ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಜಾಗ ಕೊಟ್ಟಿದ್ದಾನೆ. ಮಲ್ಲರನ್ನು ದರ್ಜೆಗಳಾಗಿ ವಿಂಗಡಿಸಿ, ಅವರ ಆಹಾರ, ಅಭ್ಯಾಸಗಳನ್ನು ವಿವರಿಸುತ್ತಾನೆ. ಮುಂದೆ ಕೊಲ್ಹಾಪುರದ ಶಾಹೂ ಮಹಾರಾಜರು ಕುಸ್ತಿಗೆ ಆಶ್ರಯ ಕೊಟ್ಟರು. ಅಲ್ಲಿನ ಖಾಸಬಾಗ್ ಮೈದಾನ 1912ರಲ್ಲಿ ಸಿದ್ಧವಾಯಿತು. ಗಡಿಯಾಚೆಯ ಆ ಅಖಾಡದ ಸೆಳೆತ ನಮ್ಮ ಭಾಗದ ಪೈಲ್ವಾನರಿಗೂ ಇತ್ತು.

ಅರಸರ ಆಶ್ರಯ ಗೆದ್ದವನಿಗೆ. ಎಲುಬು ಮುರಿದವನು ಹೋಗುತ್ತಿದ್ದದ್ದು ಹಳ್ಳಿಯ ನಾಟಿ ವೈದ್ಯನ ಬಳಿಗೆ. ಬೆರಳಿನಿಂದಲೇ ಮುರಿತವನ್ನು ತಡವಿ ಗುರುತಿಸಿ, ಎಳೆದು ಕೂಡಿಸಿ, ಬಿದಿರಿನ ದಬ್ಬೆ ಇಟ್ಟು ಕಟ್ಟುವ ಕೈಚಳಕ ಸಣ್ಣದಲ್ಲ. ಜರ್ಮನಿಯಲ್ಲಿ ರಾಂಟ್‌ಜನ್ ಕ್ಷ-ಕಿರಣ ಕಂಡದ್ದೇ 1895ರಲ್ಲಿ. ಅಲ್ಲಿಯವರೆಗೆ ಜಗತ್ತಿನ ಎಲ್ಲ ವೈದ್ಯರೂ ತಡವಿಯೇ ನೋಡುತ್ತಿದ್ದರು. ಆದರೆ ಬಿಗಿಯಾದ ಕಟ್ಟಿನ ಅಪಾಯವನ್ನು ಮುಚ್ಚಿಡಬಾರದು. ಬಾತ ಕೈಗೆ ಬಿಗಿದು ಕಟ್ಟಿದರೆ ರಕ್ತದ ಓಟ ನಿಂತು ಸ್ನಾಯು ಸಾಯುತ್ತದೆ, ಬೆರಳುಗಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಜರ್ಮನಿಯ ಫೋಕ್‌ಮನ್ 1881ರಲ್ಲಿ ಇದನ್ನು ವಿವರಿಸಿದ. ಸುಶ್ರುತನಂತೂ ಸಡಿಲ ಕಟ್ಟಿನಿಂದ ಕೀಲು ನಿಲ್ಲದು, ಬಿಗಿ ಕಟ್ಟಿನಿಂದ ಬಾವು, ನೋವು, ಕೀವು ಎಂದು ಎಂದೋ ಎಚ್ಚರಿಸಿದ್ದ. ಚಳಿಗಾಲದಲ್ಲಿ ಏಳು ದಿನಕ್ಕೆ, ಬೇಸಿಗೆಯಲ್ಲಿ ಮೂರೇ ದಿನಕ್ಕೆ ಕಟ್ಟು ಬದಲಿಸಬೇಕೆಂಬುದು ಅವನ ಲೆಕ್ಕ. ಪರಂಪರೆಯ ಹೆಸರು ಹೇಳುವವರು ಈ ಭಾಗವನ್ನೇ ಮರೆತರು. ಕಟ್ಟು ಹಾಕಿದ ಮೇಲೆ ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ತಾಳಲಾರದ ನೋವಾದರೆ ಅದೇ ಗಳಿಗೆಯಲ್ಲಿ ಕಟ್ಟು ಬಿಚ್ಚಿಸಿ ಆಸ್ಪತ್ರೆಗೆ ಹೋಗಬೇಕು. ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು 1957ರಲ್ಲೇ ಆರಂಭವಾಯಿತು. ದೂರದ ನೆಪ ಹೇಳುವಂತಿಲ್ಲ.

ಎಲುಬು ಕೂಡುವುದು ಒಂದು, ಆಟಕ್ಕೆ ಮರಳುವುದು ಇನ್ನೊಂದು. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳು, ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ಎಂದು ಸಂಹಿತೆ ಅವಧಿ ಹೇಳಿ, ಅಷ್ಟೂ ದಿನ ವ್ಯಾಯಾಮ ಬೇಡವೆನ್ನುತ್ತದೆ. ಕೈಗೆ ಪೆಟ್ಟಾದವನು ಮೊದಲು ಮಣ್ಣಿನ ಹೆಂಟೆ ಹಿಡಿಯಬೇಕು, ಆಮೇಲೆ ಉಪ್ಪಿನ ಗಟ್ಟಿ, ಬಲ ಬಂದ ಮೇಲೆ ಕಲ್ಲು. ಇಂದು ಫಿಜಿಯೊಥೆರಪಿ ಕೋಣೆಯಲ್ಲಿ ಮೆತ್ತನೆಯ ಚೆಂಡಿನಿಂದ ಶುರುಮಾಡಿ ತೂಕ ಹೆಚ್ಚಿಸುವುದೂ ಇದೇ ಕ್ರಮ. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಮೆಚ್ಚಿಗೆಯಾದ ಮಾತು ಇದು.

ಪೈಲ್ವಾನನಿಗೆ ಕಷ್ಟವೂ ಇದೇ. ಮಂಡಿಯೊಳಗಿನ ಅಸ್ಥಿರಜ್ಜು ಪೂರ್ತಿ ಹರಿದರೆ ಎಣ್ಣೆಗೂ ಕೂಡದು, ದಬ್ಬೆಗೂ ಕೂಡದು. ಕುಸ್ತಿಗೇ ಮರಳಬೇಕೆಂದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು, ಆನಂತರ ಸುಮಾರು ಒಂಬತ್ತು ತಿಂಗಳ ತಾಳ್ಮೆ ಬೇಕು. 2020ರ ಫೆಬ್ರವರಿಯಲ್ಲಿ ಧಾರವಾಡದಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೆಯಿತು. ಈಗ ಪದಕದ ಕುಸ್ತಿ ಮ್ಯಾಟಿನ ಮೇಲೆ, ಜಾತ್ರೆಯ ಕುಸ್ತಿ ಮಣ್ಣಿನಲ್ಲಿ. ಎರಡೂ ಕಡೆ ಆಡುವ ಹುಡುಗನಿಗೆ ಒಂಬತ್ತು ತಿಂಗಳೆಂದರೆ ಒಂದು ಜಾತ್ರೆಯ ಹಂಗಾಮು ಪೂರ್ತಿ ಹೋದಂತೆ, ಬೆಳ್ಳಿ ಕಡಗವೂ ಇಲ್ಲ, ಖುರಾಕಿನ ದುಡ್ಡೂ ಇಲ್ಲ. ಹೀಗಾಗಿ ಮಂಡಿಗೆ ಬಟ್ಟೆ ಸುತ್ತಿಕೊಂಡು ನಾಲ್ಕನೆಯ ತಿಂಗಳಿಗೇ ಮಟ್ಟಿಗಿಳಿಯುವ ಆಸೆಯಾಗುತ್ತದೆ. ಅವನನ್ನು ತಡೆಯಬಲ್ಲವರು ಡಾಕ್ಟರಲ್ಲ, ವಸ್ತಾದರು ಮಾತ್ರ.