ಉದುರಿದ ಫ್ಲ್ಯಾಗ್ ಚೀಟಿಗಳು

2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ಮಳೆಗೆ ಪೆರಂಬೂರಿನ ಬೀದಿಗಳಲ್ಲಿ ನೀರು ನಿಂತಾಗ ನಮ್ಮ ಮನೆಯ ವಿದ್ಯುತ್ತೂ ಹೋಯಿತು. ನಾವಾಗ ಬಳಗದ ಸ್ಮರಣ ಸಂಚಿಕೆಗೆ ಬಂದ ಲೇಖನಗಳನ್ನು ತಿದ್ದುತ್ತಿದ್ದೆವು. ಯುಪಿಎಸ್ ಕೆಲ ನಿಮಿಷ ಕೂಗಿ ಸುಮ್ಮನಾಯಿತು. ವಿದ್ಯುತ್ ಮರಳಿದ ಮೇಲೆ ನೋಡಿದರೆ ಕಡತಗಳೆಲ್ಲ ಸುರಕ್ಷಿತ. ಆದರೆ ಯಾವ ಲೇಖನದ ಯಾವ ಪುಟದಲ್ಲಿದ್ದೆವು, ಪಕ್ಕದಲ್ಲಿ ಏನೇನು ತೆರೆದಿಟ್ಟಿದ್ದೆವು ಎಂಬುದರ ಸುಳಿವೇ ಇಲ್ಲ. ಬ್ರೌಸರ್ ಮಾತ್ರ ತನ್ನ ಒಂಬತ್ತು ಪುಟಗಳನ್ನೂ ಮತ್ತೆ ಹರಡಿಕೊಂಡು ಕುಳಿತಿತ್ತು. ಸರ್ಕಾರಿ ಕಚೇರಿಯ ಕಡತ ಬಲ್ಲವರಿಗೆ ಈ ನಷ್ಟ ಅರ್ಥವಾದೀತು: ಕಾಗದ ಒಂದೂ ಹರಿದಿಲ್ಲ, ಗುರುತಿಗೆಂದು ಸಿಕ್ಕಿಸಿದ್ದ ಫ್ಲ್ಯಾಗ್ ಚೀಟಿಗಳೆಲ್ಲ ಉದುರಿವೆ.

ಈ ಮರೆವು ಗಣಕಯಂತ್ರದ ಹುಟ್ಟುಗುಣವಲ್ಲ. ಪೆರಂಬೂರು ರೈಲು ಬೋಗಿಗಳ ಊರಾದ್ದರಿಂದ ರೈಲ್ವೆಯಿಂದಲೇ ಆರಂಭಿಸೋಣ. 1960ರ ದಶಕದಲ್ಲಿ ಭಾರತೀಯ ರೈಲ್ವೆಗೆ ಬಂದ ಐಬಿಎಂ 1401 ಯಂತ್ರಗಳ ಸ್ಮೃತಿಯನ್ನು ಪುಟ್ಟ ಕಾಂತೀಯ ಉಂಗುರಗಳಿಂದ ಹೆಣೆದಿದ್ದರು. ವಿದ್ಯುತ್ ನಿಂತರೂ ಉಂಗುರ ತನ್ನ ಕಾಂತತೆಯನ್ನು ಬಿಡುತ್ತಿರಲಿಲ್ಲ. 1970ರಲ್ಲಿ ಇಂಟೆಲ್ 1103 ಚಿಪ್ ಬಂದಿತು. ಸ್ಮೃತಿ ಅಗ್ಗವಾಯಿತು; ಆದರೆ ವಿದ್ಯುತ್ ಕಡಿದೊಡನೆ ಅಳಿಸಿಹೋಗುವಂಥದಾಯಿತು. ಅಂದಿನಿಂದ ನೆನಪಿಡುವ ಹೊಣೆ ಯಂತ್ರದಿಂದ ತಂತ್ರಾಂಶದ ಹೆಗಲಿಗೆ ದಾಟಿತು.

ಕೆಲವು ತಂತ್ರಾಂಶಗಳು ಅದನ್ನು ಶ್ರದ್ಧೆಯಿಂದ ಹೊತ್ತವು. ಬರ್ಕ್ಲಿಯಲ್ಲಿ ಬಿಲ್ ಜಾಯ್ 1970ರ ದಶಕದ ಕೊನೆಯಲ್ಲಿ ರಚಿಸಿದ 'ವಿಐ' ಎಂಬ ಬರವಣಿಗೆಯ ತಂತ್ರಾಂಶವಿತ್ತು. ಯಂತ್ರ ಕುಸಿದು ಮತ್ತೆ ಎದ್ದರೆ, ಅರ್ಧಕ್ಕೆ ನಿಂತ ಬರಹವನ್ನು ಎತ್ತಿಟ್ಟಿರುವುದಾಗಿ ಬಳಕೆದಾರನಿಗೆ ಅಂಚೆಯೇ ಬರುತ್ತಿತ್ತು. ಇಷ್ಟು ಸೌಜನ್ಯವನ್ನು ಈಚಿನ ಯಂತ್ರಗಳಲ್ಲಿ ನಾವು ಕಂಡಿಲ್ಲ.

ಎಲ್ಲ ತಂತ್ರಾಂಶಗಳಿಗೂ ಒಂದೇ ಕಟ್ಟಳೆ ಮಾಡುವ ದೊಡ್ಡ ಪ್ರಯತ್ನ ನಡೆದದ್ದು ಯೂನಿಕ್ಸ್ ಲೋಕದಲ್ಲಿ. 1994ರ ಎಕ್ಸ್11 ವಿಂಡೋ ವ್ಯವಸ್ಥೆಯ 6ನೆಯ ಬಿಡುಗಡೆಯಲ್ಲಿ 'ಸೆಷನ್ ಮ್ಯಾನೇಜರ್' ಎಂಬ ಮೇಲ್ವಿಚಾರಕನಿಗೆ ಒಂದು ಒಡಂಬಡಿಕೆಯನ್ನು ರೂಪಿಸಿಕೊಟ್ಟರು. ಬಳಕೆದಾರ ಹೊರಡುವ ಮುನ್ನ ಆತ ಪ್ರತಿಯೊಂದು ತಂತ್ರಾಂಶಕ್ಕೂ 'ಸೇವ್ ಯುವರ್‌ಸೆಲ್ಫ್' ಎಂಬ ಸಂದೇಶ ಕಳುಹಿಸಬೇಕು. ತಂತ್ರಾಂಶ ತನ್ನ ಸ್ಥಿತಿಯನ್ನು ಬರೆದಿಟ್ಟು, ಮರಳಿ ತನ್ನನ್ನು ಎಬ್ಬಿಸಬೇಕಾದ ಆಜ್ಞೆಯನ್ನು ಅವನ ಕೈಗೆ ಕೊಟ್ಟು, ಮುಗಿಯಿತೆಂದು ಉತ್ತರಿಸಬೇಕು. ಕೊನೆಯ ಸಂದೇಶ 'ಡೈ'. ಏರ್ಪಾಡು ಸೊಗಸಾಗಿಯೇ ಇದೆ. ಆದರೆ ಕೇಳುವವನಿಗೂ ಉತ್ತರಿಸುವವನಿಗೂ ಪುರುಸೊತ್ತು ಬೇಕು. ಮಿಚಾಂಗ್ ಅಂಥ ಪುರುಸೊತ್ತನ್ನು ಕೊಡಲಿಲ್ಲ.

ಮಳೆಯಿಲ್ಲದ ದಿನ ಕ್ರಮವಾಗಿ ರೀಬೂಟ್ ಮಾಡಿದರೂ ಈ ಒಡಂಬಡಿಕೆ ನಡೆಯುತ್ತಿರಲಿಲ್ಲ ಎಂಬುದು ಕಥೆಯ ಇನ್ನೊಂದು ಭಾಗ. ಅನೇಕ ತಂತ್ರಾಂಶಗಳು ಉತ್ತರಿಸುವುದನ್ನು ಕಲಿಯಲೇ ಇಲ್ಲ. 2008ರಲ್ಲಿ ಗ್ನೋಮ್ ಮೇಜುಪರಿಸರದ 2.24ನೆಯ ಆವೃತ್ತಿಗಾಗಿ ಮೇಲ್ವಿಚಾರಕನನ್ನೇ ಹೊಸದಾಗಿ ಬರೆದಾಗ ಸ್ಥಿತಿಯನ್ನು ಉಳಿಸುವ ಸೌಲಭ್ಯ ಕಳಚಿಬಿತ್ತು. ಗ್ನೋಮ್ ನಮಗೆ ದೂರದ್ದಲ್ಲ. ಚೆನ್ನೈಯ ಸಿಡ್ಯಾಕ್ ರೂಪಿಸಿದ, ಕನ್ನಡವನ್ನೂ ಬಲ್ಲ ಬಾಸ್ ಲಿನಕ್ಸ್‌ನ ಮೊದಲ ಆವೃತ್ತಿಗಳು ಅದನ್ನೇ ಆಧರಿಸಿದ್ದವು. ಅದೇ 2008ರಲ್ಲಿ, ಎಕ್ಸ್‌ಗೆ ಬದಲಾಗಿ, ವೇಲ್ಯಾಂಡ್ ಯೋಜನೆ ಆರಂಭವಾಯಿತು. ಅದರಲ್ಲಿ ಸಾಮಾನ್ಯ ತಂತ್ರಾಂಶವೊಂದು ತನ್ನ ಕಿಟಕಿ ತೆರೆಯ ಮೇಲೆ ಎಲ್ಲಿದೆಯೆಂದು ತಿಳಿಯಲಾರದು, ಇಂಥಲ್ಲಿಯೇ ಇಡು ಎಂದು ಕೇಳಲಾರದು. ಹಳೆಯ ಕರಾರನ್ನು ಹಾಗೆಯೇ ಹೊಸ ಮನೆಗೆ ಸಾಗಿಸುವಂತಿರಲಿಲ್ಲ.

ವಿಂಡೋಸ್ ವಿಸ್ತಾ ಹಿಡಿದದ್ದು ನೋಂದಣಿಯ ದಾರಿ: ಮೊದಲೇ ಹೆಸರು ಬರೆಸಿದ ತಂತ್ರಾಂಶವನ್ನಷ್ಟೇ ಅದು ಮರಳಿ ಎಬ್ಬಿಸುತ್ತದೆ. ಕುಸಿದು ಬಿದ್ದದ್ದಾದರೆ, ಅದಕ್ಕೆ ಮುನ್ನ ಕನಿಷ್ಠ 60 ಸೆಕೆಂಡು ಓಡಿರಬೇಕು. ಆಪಲ್ 2011ರಲ್ಲಿ ಲಯನ್ ಆವೃತ್ತಿಯೊಡನೆ 'ರೆಸ್ಯೂಮ್' ತಂದಿತು.

ಬ್ರೌಸರ್‌ಗಳು ಮಾತ್ರ ಯಾವ ಮೇಲ್ವಿಚಾರಕನಿಗೂ ಕಾಯಲಿಲ್ಲ. 2006ರ ಫೈರ್‌ಫಾಕ್ಸ್ 2ರಲ್ಲಿಯೇ ಅಧಿವೇಶನವನ್ನು ಮರಳಿ ಪಡೆಯುವ ಸೌಲಭ್ಯವಿತ್ತು. ಇಂದು ಅದು ಬಳಕೆಯಲ್ಲಿರುವಷ್ಟು ಹೊತ್ತೂ ಸುಮಾರು 15 ಸೆಕೆಂಡಿಗೊಮ್ಮೆ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಡುತ್ತದೆ. ಅಂಥವಕ್ಕೆ ವಿದ್ಯುತ್ ಕಡಿತವೂ ಒಂದೇ, ಕ್ರಮವಾದ ವಿದಾಯವೂ ಒಂದೇ.

ನಿಂತಿದ್ದ ಪುಟವನ್ನು ಹುಡುಕಲು ನಮಗೆ ಒಂದು ಸಂಜೆ ಹಿಡಿಯಿತು. ಒಂದು ಲೇಖನವನ್ನು ಎರಡು ಬಾರಿ ತಿದ್ದಿದೆವು, ಇನ್ನೊಂದು ತಿದ್ದದೆಯೇ ಅಚ್ಚಿಗೆ ಹೋಯಿತು. ಎರಡನೆಯದರ ಲೇಖಕರು ಈಗಲೂ ನಮ್ಮನ್ನು ಕಂಡಾಗ ಮೊದಲು ಕೇಳುವುದು ಯುಪಿಎಸ್ ಬ್ಯಾಟರಿ ಬದಲಾಯಿಸಿದಿರಾ ಎಂದು.