ರಾಹುಲ್ ದ್ರಾವಿಡ್: 'ಗೋಡೆ'ಯಾಗಿ ನಿಂತರು, ಗುರುವಾಗಿ ಗೆದ್ದರು

ಗೋನೆಗಂಡ್ಲ: ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಆದೋನಿ ಸೀಮೆಯ ಜನ ನೆನಪಿಡಬೇಕಾದ ಕ್ರಿಕೆಟ್ ದಿನವೊಂದಿದ್ದರೆ ಅದು 2001ರ ಮಾರ್ಚ್ 14. ಅಂದು ಕೋಲ್ಕತಾದ ಈಡನ್ ಗಾರ್ಡನ್ಸ್‌ನಲ್ಲಿ ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ ಮತ್ತು ಬೆಂಗಳೂರಿನ ರಾಹುಲ್ ದ್ರಾವಿಡ್ ಬೆಳಗ್ಗಿನಿಂದ ಸಂಜೆಯವರೆಗೆ ಔಟಾಗದೆ ಆಡಿದರು. ಲಕ್ಷ್ಮಣ್ 281, ದ್ರಾವಿಡ್ 180. ಜತೆಯಾಟದಲ್ಲಿ ಬಂದದ್ದು 376 ರನ್. ಫಾಲೋಆನ್ ಆಗಿದ್ದ ಭಾರತ 171 ರನ್‌ಗಳಿಂದ ಗೆದ್ದು, ಆಸ್ಟ್ರೇಲಿಯಾದ ಸತತ 16 ಟೆಸ್ಟ್ ಗೆಲುವಿನ ಓಟಕ್ಕೆ ತಡೆ ಹಾಕಿತು. ಮುಂದೆ ಇಬ್ಬರೂ ಯುವ ಆಟಗಾರರನ್ನು ತಿದ್ದುವ ಕೆಲಸಕ್ಕೆ ಬಂದರು. ಇಲ್ಲಿ ಹೇಳ ಹೊರಟಿರುವುದು ದ್ರಾವಿಡ್ ಕಥೆ.

ಬಾಲ್ಯ ಮತ್ತು ಆಟ

ದ್ರಾವಿಡ್ ಹುಟ್ಟಿದ್ದು 1973ರ ಜನವರಿ 11ರಂದು, ಇಂದೋರ್‌ನಲ್ಲಿ. ಮನೆಮಾತು ಮರಾಠಿ, ಬೆಳೆದದ್ದು ಬೆಂಗಳೂರು. ತಂದೆ ಜಾಮ್ ತಯಾರಿಸುವ ಕಂಪನಿಯಲ್ಲಿದ್ದುದರಿಂದ ಗೆಳೆಯರು ಇಟ್ಟ ಅಡ್ಡಹೆಸರು 'ಜ್ಯಾಮಿ'. ಬಾಲಕನ ಪ್ರತಿಭೆಯನ್ನು ಗುರುತಿಸಿ ತಿದ್ದಿದವರು ಕೋಚ್ ಕೇಕಿ ತಾರಾಪೋರ್.

1991ರಲ್ಲಿ ಕರ್ನಾಟಕದ ಪರ ರಣಜಿ ಪದಾರ್ಪಣೆ. 1996ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್, 95 ರನ್. ಐದೇ ರನ್‌ಗಳಿಂದ ಶತಕ ತಪ್ಪಿತು. ಅಲ್ಲಿಂದ 16 ವರ್ಷ ಎದುರಾಳಿ ಬೌಲರುಗಳಿಗೆ ಅವರು 'ಗೋಡೆ'. ಟೆಸ್ಟ್‌ನಲ್ಲಿ ಎದುರಿಸಿದ ಎಸೆತಗಳೇ 31,258. ಇಷ್ಟು ಎಸೆತ ಎದುರಿಸಿದ ಇನ್ನೊಬ್ಬ ಬ್ಯಾಟ್ಸ್‌ಮನ್ ಇಲ್ಲ. 2003ರಲ್ಲಿ ಅಡಿಲೇಡ್‌ನಲ್ಲಿ 233 ಮತ್ತು ಅಜೇಯ 72, 2004ರಲ್ಲಿ ರಾವಲ್ಪಿಂಡಿಯಲ್ಲಿ 270. ಎರಡೂ ಪಂದ್ಯಗಳಲ್ಲಿ ಭಾರತಕ್ಕೆ ಜಯ. ತಂಡಕ್ಕೆ ಬೇಕೆಂದಾಗ ಏಕದಿನ ಪಂದ್ಯಗಳಲ್ಲಿ ವಿಕೆಟ್ ಕೀಪರ್ ಕೂಡ ಆದರು.

ನಾಯಕನಾಗಿ ಸಿಹಿ-ಕಹಿ

ನಾಯಕರಾಗಿ ದ್ರಾವಿಡ್ 2006ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ, 2007ರಲ್ಲಿ ಇಂಗ್ಲೆಂಡ್‌ನಲ್ಲಿ ಟೆಸ್ಟ್ ಸರಣಿ ಗೆದ್ದುಕೊಟ್ಟರು. ಆದರೆ ಜನ ನೆನಪಿಟ್ಟದ್ದು 2007ರ ವಿಶ್ವಕಪ್. ವೆಸ್ಟ್ ಇಂಡೀಸ್‌ನಲ್ಲಿ ನಡೆದ ಆ ಕೂಟದಲ್ಲಿ ಬಾಂಗ್ಲಾದೇಶ ಮತ್ತು ಶ್ರೀಲಂಕಾಗಳಿಗೆ ಸೋತ ಭಾರತ ಮೊದಲ ಸುತ್ತಿನಲ್ಲೇ ಮನೆಗೆ ಮರಳಿತು. ಅದೇ ವರ್ಷ ದ್ರಾವಿಡ್ ನಾಯಕತ್ವ ಬಿಟ್ಟರು. 2012ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದಾಗ ಅವರ ಕೈಗೆ ವಿಶ್ವಕಪ್ ಬಂದಿರಲಿಲ್ಲ.

ಹುಡುಗರ ಮೇಷ್ಟ್ರು

ದೊಡ್ಡ ಆಟಗಾರರು ನಿವೃತ್ತಿಯ ನಂತರ ಹಿಡಿಯುವ ದಾರಿ ಸಾಮಾನ್ಯವಾಗಿ ಕಾಮೆಂಟರಿ. ದ್ರಾವಿಡ್ 2015ರಲ್ಲಿ 19 ವರ್ಷದೊಳಗಿನವರ ಮತ್ತು ಭಾರತ 'ಎ' ತಂಡಗಳ ಹೊಣೆ ಹೊತ್ತರು. 'ಎ' ತಂಡದ ಪ್ರವಾಸಕ್ಕೆ ಹೋದ ಪ್ರತಿಯೊಬ್ಬನಿಗೂ ಆಡುವ ಅವಕಾಶ ಸಿಗಬೇಕೆಂಬುದು ಅವರ ನಿಯಮ. ಹದಿನೈದು ಜನರಲ್ಲಿ ನಾಲ್ವರು ಬರೀ ನೀರು ಹೊತ್ತು ವಾಪಸಾಗುವ ಪದ್ಧತಿ ಅವರಿಗೆ ಹಿಡಿಸಲಿಲ್ಲ.

2016ರ ಕಿರಿಯರ ವಿಶ್ವಕಪ್ ಫೈನಲ್‌ನಲ್ಲಿ ಸೋಲು. 2018ರಲ್ಲಿ ಪೃಥ್ವಿ ಶಾ ನಾಯಕತ್ವದ ತಂಡ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಮಣಿಸಿ ಕಪ್ ತಂದಿತು. ಶುಭಮನ್ ಗಿಲ್ ಈ ತಂಡದವರೇ. ರಿಷಭ್ ಪಂತ್ ಮತ್ತು ಇಶಾನ್ ಕಿಶನ್ 2016ರ ತಂಡದವರು.

ಗೆಲುವಿನ ಬಳಿಕ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ದುಡಿದವರು ಎಲ್ಲರೂ, ಹೆಚ್ಚು ನನಗೇಕೆ ಎಂಬುದು ದ್ರಾವಿಡ್ ವಾದ. ಕೊನೆಗೆ ಎಲ್ಲರಿಗೂ ಸಮವಾಗಿ 25 ಲಕ್ಷ ಸಿಕ್ಕಿತು. ಅಂದರೆ ಅವರ ಪಾಲಿನಲ್ಲಿ ಅರ್ಧ ಹೋಯಿತು!

ಮುಖ್ಯ ಕೋಚ್

2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದ ದ್ರಾವಿಡ್, 2021ರ ನವೆಂಬರ್‌ನಲ್ಲಿ ಭಾರತ ತಂಡದ ಮುಖ್ಯ ಕೋಚ್ ಆದರು. ಅಕಾಡೆಮಿಯಲ್ಲಿ ಅವರು ಬಿಟ್ಟ ಕುರ್ಚಿಗೆ ಬಂದವರು ಬೇರಾರೂ ಅಲ್ಲ, ಅದೇ ಲಕ್ಷ್ಮಣ್.

ಈ ದಾರಿ ಸುಗಮವಾಗಿರಲಿಲ್ಲ. 2022ರ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 10 ವಿಕೆಟ್ ಸೋಲು. 2023ರ ಜೂನ್‌ನಲ್ಲಿ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲೂ ಸೋಲು. ಅದೇ ನವೆಂಬರ್ 19ರಂದು, ಸತತ ಹತ್ತು ಪಂದ್ಯ ಗೆದ್ದು ಬಂದ ತಂಡ ಅಹಮದಾಬಾದಿನ ವಿಶ್ವಕಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಶರಣಾಯಿತು. ಅವಧಿ ಮುಗಿದಿತ್ತು; ಬಿಟ್ಟು ಹೋಗಬಹುದಿತ್ತು. ಮುಂದುವರಿಯಲು ಒಪ್ಪಿದರು.

2024ರ ಜೂನ್ 29, ಬಾರ್ಬಡೋಸ್. ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಭಾರತ ಟಿ20 ವಿಶ್ವಕಪ್ ಗೆದ್ದಿತು. 2007ರಲ್ಲಿ ತಲೆ ತಗ್ಗಿಸಿ ಹೊರಟಿದ್ದ ಅದೇ ಕೆರಿಬಿಯನ್ ದ್ವೀಪಗಳಲ್ಲಿ, ವಿರಾಟ್ ಕೊಹ್ಲಿ ಕಪ್ಪನ್ನು ಕೈಗಿತ್ತಾಗ ಸದಾ ಶಾಂತವಾಗಿರುವ ದ್ರಾವಿಡ್ ಗರ್ಜಿಸಿದರು. ಅದು ಭಾರತದ ಕೋಚ್ ಆಗಿ ಅವರ ಕೊನೆಯ ಪಂದ್ಯ. ಬಳಿಕ 2025ರ ಐಪಿಎಲ್‌ನಲ್ಲಿ ರಾಜಸ್ಥಾನ ರಾಯಲ್ಸ್ ಕೋಚ್ ಆಗಿದ್ದು, ಆ ಆಗಸ್ಟ್‌ನಲ್ಲಿ ಹುದ್ದೆ ಬಿಟ್ಟರು.

ಆಟಗಾರನಾಗಿ ಸಿಗದದ್ದು ಗುರುವಾಗಿ ಸಿಕ್ಕಿತು. ನಮ್ಮ ಊರ ಬಯಲಿನಲ್ಲಿ ಟೆನಿಸ್ ಬಾಲ್ ಹಿಡಿದು ಆಡುವ ಹುಡುಗರಿಗೆ, ಅವರಿಗೆ ಕಲಿಸುವ ಮೇಷ್ಟ್ರುಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ದ್ರಾವಿಡ್: ಒಂದು ನೋಟ

ಟೆಸ್ಟ್: 164 ಪಂದ್ಯ, 13,288 ರನ್, 36 ಶತಕ, 210 ಕ್ಯಾಚ್
ಏಕದಿನ: 344 ಪಂದ್ಯ, 10,889 ರನ್, 12 ಶತಕ
ಗೌರವ: ಅರ್ಜುನ (1998), ಪದ್ಮಶ್ರೀ (2004), ಪದ್ಮಭೂಷಣ (2013)