ಬೆಂಗಳೂರಿನಲ್ಲಿ ಮಾನಸಿಕ ಚಿಕಿತ್ಸೆಯ ವಿಕಾಸ

ಬುದ್ಧಿಭ್ರಮಣೆಗೊಳಗಾದವರಿಗಾಗಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನಲ್ಲಿ ಏರ್ಪಟ್ಟ ಆಶ್ರಯಾಲಯವು 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಎಂಬ ಹೆಸರನ್ನು ಪಡೆಯಿತು. ಹೆಸರು ಬದಲಾದ ಮಾತ್ರಕ್ಕೆ ದೃಷ್ಟಿಯೂ ಬದಲಾಯಿತೆಂದು ನಾವು ಹೇಳಲಾರೆವು. ಬ್ರಿಟಿಷ್ ಇಂಡಿಯಾದ 1912ರ ಕಾಯಿದೆಯು ಆ ಕಾಲದಲ್ಲಿಯೂ ರೋಗಿಯನ್ನು ‘ಲುನಾಟಿಕ್’ ಎಂದೇ ಕರೆಯುತ್ತಿದ್ದಿತು. ಅವನನ್ನು ಒಳಸೇರಿಸುವುದು ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಆಜ್ಞೆಗೆ ಒಳಪಟ್ಟಿದ್ದಿತು. ಚಿಕಿತ್ಸೆಗಿಂತ ಬಂಧನವೇ ಅಲ್ಲಿ ಪ್ರಧಾನ.

ಭೋರ್ ಸಮಿತಿಯು 1946ರಲ್ಲಿ ಮಾಡಿದ ಶಿಫಾರಸಿನ ಫಲವಾಗಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಇದೇ ಆಸ್ಪತ್ರೆಯ ಜತೆಯಲ್ಲಿ ಸ್ಥಾಪಿತವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರು. 1974ರಲ್ಲಿ ಎರಡೂ ಒಂದುಗೂಡಿ ನಿಮ್ಹಾನ್ಸ್ ಆಯಿತು. ರೋಗಿಯನ್ನು ಕಾಯುವ ಸ್ಥಳವು ರೋಗವನ್ನು ಅಭ್ಯಸಿಸುವ ಸ್ಥಳವಾದುದು ಹೀಗೆ.

ಆದರೂ ಹಳ್ಳಿಯ ರೋಗಿಗೆ ಬೆಂಗಳೂರು ದೂರವೇ. ಈ ಕೊರತೆಯನ್ನರಿತು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗವನ್ನು ಕೈಗೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು, ಔಷಧವು ಊರಿನ ಬಳಿಯಲ್ಲಿಯೇ ದೊರೆಯುವಂತೆ ಮಾಡಲಾಯಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ.

2017ರ ಕಾಯಿದೆಯು ಚಿಕಿತ್ಸೆಯನ್ನು ಹಕ್ಕೆಂದು ಸಾರಿತು. ಇಲ್ಲಿ ಶಾಸನವು ಪ್ರಯೋಗವನ್ನು ಹಿಂಬಾಲಿಸಿತೆಂಬುದು ಗಮನಾರ್ಹ. ಆದಕಾರಣ ಈ ಹಕ್ಕಿನ ಸತ್ಯಾಸತ್ಯತೆಯನ್ನು ಶಾಸನದ ಪುಟಗಳಲ್ಲಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧದ ಬೀರುವಿನಲ್ಲಿ ಪರೀಕ್ಷಿಸಬೇಕೆಂದು ನಾವು ಭಾವಿಸುತ್ತೇವೆ.